ಕೊಕ್ಕರೆಯ ಮೊಣಕಾಲಷ್ಟು ನೀರು

ಜನವರಿ 19, 1976. ಹುಣಸೆಕೊಪ್ಪಲು

ಎಣಿಕೆ ಇವತ್ತಿಗೆ ಮುಗಿಯಿತು. ಕೊಕ್ಕರೆ ಗೂಡು ನೂರ ಮೂವತ್ತೇಳು, ಹೆಜ್ಜಾರ್ಲೆ ಗೂಡು ನಲವತ್ತೊಂದು. ಎಲ್ಲವೂ ಊರೊಳಗಿನ ಹುಣಸೆ ಮರಗಳಲ್ಲೇ. ನಾನು ಇಳಿದುಕೊಂಡಿರುವ ಹೊಂಬಾಳಮ್ಮನವರ ಹಿತ್ತಿಲ ಮರವೊಂದರಲ್ಲೇ ಇಪ್ಪತ್ತೆರಡು ಗೂಡು. ಹೆಂಚಿನ ಮೇಲೆ ಹಿಕ್ಕೆ ಬಿದ್ದು ಬಿದ್ದು ಮನೆಗೆ ಸುಣ್ಣ ಬಳಿದಂತಾಗಿದೆ.

ಜಗುಲಿಯ ಮೇಲೆ ನಿಂತು ಬೆರಳು ತೋರಿಸಿ ಎಣಿಸುತ್ತಿದ್ದೆ. ಹೊಂಬಾಳಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದು ನನ್ನ ಕೈ ಹಿಡಿದು ಇಳಿಸಿದರು.

"ಎಣಿಸ್ಬ್ಯಾಡ ಕಣವ್ವ. ಬಾಣಂತನಕ್ಕೆ ಬಂದಿರೋ ಎಣ್ಮಕ್ಕಳು. ದಿಷ್ಟಿ ಆಯ್ತದೆ."

"ಎಣಿಸದಿದ್ದರೆ ನನ್ನನ್ನ ಇಲ್ಲಿಗೆ ಕಳಿಸಿದವರು ಸುಮ್ಮನಿರ್ತಾರಾ?"

"ಅವ್ರ ಮನೇಲಿ ಬಾಣಂತೀರು ಇಲ್ವಾ? ಅವ್ರು ಉಣ್ಣೋ ತುತ್ತು ಎಣಿಸ್ಕೊಂಡು ಕೂತ್ಕೊಳಾಕೇಳು."

ಈ ಊರಿನ ನಂಬಿಕೆ ಇದು. ಮೊದಲ ಮರಿ ರೆಕ್ಕೆ ಬಿಚ್ಚಿ ಹಾರುವತನಕ ಹಕ್ಕಿ ಎಷ್ಟು ಬಂದಿವೆ, ಏನು ತಿನ್ನುತ್ತವೆ, ಎಲ್ಲಿ ತಿನ್ನುತ್ತವೆ ಎಂದು ಬಾಯಿಬಿಟ್ಟು ಆಡುವಂತಿಲ್ಲ. ಬಾಣಂತಿಯ ಊಟದ ಮಾತು ಬೀದಿಗೆ ಬರಬಾರದಂತೆ. ಹಕ್ಕಿಗಾಗಿ ಹುಣಸೆ ಬಡಿಯುವುದನ್ನೇ ಬಿಟ್ಟ ಜನ, ಹಕ್ಕಿಯ ಬಗ್ಗೆ ಒಂದು ಮಾತು ಕೇಳಿದರೆ ಮುಖ ತಿರುಗಿಸುತ್ತಾರೆ. ಪ್ರೀತಿ ಇದೆ, ತಿಳಿವಳಿಕೆ ಇಲ್ಲ. ಮೂಢನಂಬಿಕೆಯ ಮೇಲೆ ನಾನು ಕಾಲೇಜಿನಲ್ಲಿ ಓದಿದ ಹಸಿರು ರಟ್ಟಿನ ಕಿರುಹೊತ್ತಗೆಯನ್ನು ಇಲ್ಲಿ ಯಾರಾದರೂ ಓದಿದ್ದರೆ!

ಪ್ರೊಫೆಸರ್ ಬೆಂಗಳೂರಿನಿಂದ ನನಗೆ ಒಪ್ಪಿಸಿರುವ ಕೆಲಸ ಎರಡು. ಹಕ್ಕಿ ಎಣಿಸುವುದು, ಕೆರೆ ಉಳಿಸುವುದು. ಸುತ್ತಲಿನ ಕೆರೆಗಳೆಲ್ಲ ಆರಿವೆ. ಶಿಂಷಾ ಹೊಳೆಯಲ್ಲಿ ಒಂದೆರಡು ಮಡು ಬಿಟ್ಟರೆ ಮರಳು. ಈ ಊರ ಕೆರೆಯಲ್ಲಿ ಮಾತ್ರ ನೀರಿದೆ. ಇದು ಉಳಿದರೆ ಹಕ್ಕಿ ಉಳಿಯುತ್ತವೆ. ಅಷ್ಟು ಸರಳ.

ಜನವರಿ 23

ಕಳ್ಳ ಸಿಕ್ಕಿದ.

ಸಂಕ್ರಾಂತಿಯಿಂದ ಈಚೆಗೆ ಕೆರೆ ಇಳಿಯುತ್ತಿದೆ. ಗುರುತಿನ ಕೋಲು ನೆಟ್ಟು ನೋಡಿದೆ, ಮೂರು ದಿನಕ್ಕೆ ನಾಲ್ಕು ಬೆರಳು. ಬಿಸಿಲಿಗೆ ಅಷ್ಟು ಆರುವುದಿಲ್ಲ. ಇವತ್ತು ನಸುಕಿಗೇ ಏರಿಯ ಮೇಲೆ ಹೋದೆ. ಕೆರೆಯ ನೀರು ಬಿಡುವ ನೀರುಗಂಟಿ ಪುಟ್ಟಮಾದಯ್ಯ ತೂಬಿನ ಕಲ್ಲಿನ ಮೇಲೆ ಬೂದು ಕಂಬಳಿ ಹೊದ್ದು ಕುಳಿತಿದ್ದ. ತೂಬಿನ ಕಬ್ಬಿಣದ ಸರಳು ಮೇಲೆದ್ದಿತ್ತು. ನೀರು ಏರಿಯ ಆಚೆ ಕಾಲುವೆಯಲ್ಲಿ ಹರಿದು, ಬೆಳೆಯಿಲ್ಲದ ಗದ್ದೆ ದಾಟಿ, ಹಳ್ಳ ಸೇರಿ, ಹೊಳೆಯ ಮರಳಿನಲ್ಲಿ ಇಂಗಿಹೋಗುತ್ತಿತ್ತು.

"ಯಾರಿಗೆ ಬಿಡ್ತಿದೀಯ ನೀರು?"

"ಬುಡಬೇಕು, ಬುಡ್ತೀನಿ ಅಮ್ಮೋರೆ."

"ಗದ್ದೇಲಿ ಬೆಳೆ ಇಲ್ಲ. ಹಳ್ಳಕ್ಕೆ ಯಾಕೆ ಬಿಡ್ತೀಯ?"

"ನಮ್ಮಪ್ಪನೂ ಬುಡ್ತಿದ್ದ. ಅವ್ರಪ್ಪನೂ ಬುಡ್ತಿದ್ದ."

"ಅಪ್ಪ ಮಾಡಿದ್ದೆಲ್ಲ ಸರಿಯಾ? ಕಾರಣ ಹೇಳು."

ಅವನು ಸರಳಿನ ಕಡೆ ನೋಡಿದ. ಆಮೇಲೆ ನೀರಿನ ಅಂಚಿನ ಕಡೆ. ಅಲ್ಲಿ ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ನನ್ನ ಕಡೆ ಮಾತ್ರ ನೋಡಲಿಲ್ಲ.

"ಈಗ ಏಳಂಗಿಲ್ಲ ಅಮ್ಮೋರೆ. ವೈಸಾಕ ಕಳೀಲಿ, ಏಳ್ತೀನಿ."

ವೈಶಾಖ ಕಳೆಯುವ ಹೊತ್ತಿಗೆ ಕೆರೆಯಲ್ಲಿ ಏನು ಉಳಿದಿರುತ್ತದೆ? ಕೆಳಗಡೆ ಎಲ್ಲೋ ಯಾರದೋ ಕಬ್ಬಿರಬೇಕು, ಇವನಿಗೆ ಏನೋ ಕೈಗೆ ಬರುತ್ತಿರಬೇಕು. ಕಾರಣ ಇದ್ದವನು ಕಾರಣ ಹೇಳುತ್ತಾನೆ.

ಜನವರಿ 24

ಅರ್ಜಿ ಬರೆದೆ. ನೀರಾವರಿಯ ಆಫೀಸರಿಗೆ ಒಂದು ಪ್ರತಿ, ಪ್ರೊಫೆಸರಿಗೆ ಒಂದು ಪ್ರತಿ. "ಕಳ್ಳತನ" ಎಂಬ ಪದ ಬರೆಯುವಾಗ ಒಂದು ಕ್ಷಣ ತಡೆದೆ. ಬಡವನ ಮೇಲೆ ದೂರು. ಆದರೆ ನ್ಯಾಯಕ್ಕೆ ಬಡವ ಬಲ್ಲಿದ ಎಂದಿಲ್ಲ. ಹಕ್ಕಿಗೆ ಅರ್ಜಿ ಬರೆಯಲು ಬರುವುದಿಲ್ಲ, ಬರುವವರು ಬರೆಯಬೇಕು.

ಆತಗೂರಿಗೆ ನಡೆದುಹೋಗಿ ಅಂಚೆಗೆ ಹಾಕಿ ಬಂದೆ. ಹೋಗಿ ಬರುವಾಗ ಕಾಲು ನೋಯಲೇ ಇಲ್ಲ.

ಫೆಬ್ರವರಿ 2

ಒಂಬತ್ತೇ ದಿನಕ್ಕೆ ಜೀಪು ಬಂತು. ಆಫೀಸರ್ ಇಳಿಯುತ್ತಲೇ, "ಈಗ ಎಮರ್ಜೆನ್ಸಿ ಮೇಡಂ, ಅರ್ಜಿ ಮೇಜಿನ ಮೇಲೆ ಹಳೇದಾಗೋ ಕಾಲ ಹೋಯ್ತು" ಎಂದರು. ಎಮರ್ಜೆನ್ಸಿಯನ್ನು ನಾನು ಒಪ್ಪುವುದಿಲ್ಲ. ಆದರೆ ಇದೊಂದು ಕೆಲಸವಾದರೂ ಆಗಲಿ ಎಂದುಕೊಂಡೆ.

ಊರೆಲ್ಲ ಏರಿಯ ಮೇಲೆ ಸೇರಿತ್ತು. ಆಫೀಸರ್ ಪುಟ್ಟಮಾದಯ್ಯನನ್ನು ಕೇಳಿದ್ದೂ ಅದೇ ಪ್ರಶ್ನೆ, ಅವನು ಹೇಳಿದ್ದೂ ಅದೇ ಉತ್ತರ. "ಬುಡಬೇಕು, ಬುಡ್ತೀನಿ." ಆಫೀಸರ್ ಅವನ ಹೆಗಲ ಮೇಲಿದ್ದ ಕಂಬಳಿಯನ್ನು ಕೋಲಿನ ತುದಿಯಿಂದ ಕೆಳಕ್ಕೆ ತಳ್ಳಿ, "ಇನ್ಮೇಲೆ ನೀನು ನೀರುಗಂಟಿ ಅಲ್ಲ. ಏರಿ ಮೇಲೆ ಕಂಡ್ರೆ ಒಳಗೆ ಹಾಕಿಸ್ತೀನಿ" ಎಂದರು. ಕಂಬಳಿ ನೀರಿಗೆ ಬಿತ್ತು. ಅವನು ಇಳಿದು ಎತ್ತಿಕೊಂಡು, ಹಿಂಡಿ, ಹೊದೆಯದೆ ಕೈಯಲ್ಲಿ ಹಿಡಿದು ಹೊರಟುಹೋದ.

ಊರಿನ ದೊಡ್ಡ ಹಿಡುವಳಿದಾರ ಚಿಕ್ಕಣ್ಣನವರನ್ನು ಆಫೀಸರ್ ಕೇಳಿದರು, "ಏನ್ರೀ, ನಿಮ್ಮೂರಿನ ನೀರು ಹಳ್ಳಕ್ಕೆ ಹೋಗ್ತಿತ್ತು, ನೀವು ಬಾಯಿ ಬಿಡಲಿಲ್ಲ?" ಚಿಕ್ಕಣ್ಣ ತಲೆ ಕೆರೆದುಕೊಂಡು, "ನಮಗೇನು ಗೊತ್ತಾಯ್ತದೆ ಸಾರ್" ಎಂದರು. 

ಸರಳಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಕೀಲಿಕೈ ನನ್ನ ಕೈಗೆ. ನನಗೆ ಇಪ್ಪತ್ತನಾಲ್ಕು ವರ್ಷ. ಒಂದು ಕೆರೆ ನನ್ನ ಕೈಯಲ್ಲಿದೆ.

ಫೆಬ್ರವರಿ 10

ನೀರು ನಿಂತಿದೆ. ಒಂದು ಬೆರಳೂ ಇಳಿದಿಲ್ಲ. ಅಂಚಿನ ಜೊಂಡು ಮುಳುಗಿಯೇ ಇದೆ. ಕನ್ನಡಿ ಇಟ್ಟಂತಿದೆ ಕೆರೆ.

ಮರಗಳಲ್ಲಿ ಮರಿಗಳಾಗುತ್ತಿವೆ. ಹಸಿದ ಕೊಕ್ಕರೆ ಮರಿಯ ಕೂಗು ಒಣಗಿದ ಚರ್ಮವನ್ನು ಕಲ್ಲಿಗೆ ತಿಕ್ಕಿದ ಹಾಗೆ. ಇಂಪಾಗಿದೆ ಎಂದು ಯಾರೂ ಹೇಳಲಾರರು. ನನಗೆ ಮಾತ್ರ ಬೇರೇನೂ ಕೇಳುವುದು ಬೇಡ ಅನ್ನಿಸುತ್ತದೆ. ಪ್ರೊಫೆಸರ್ ಕಾಗದ ಬಂತು. ಹುಣಸೆಕೊಪ್ಪಲಿನ ಕೆರೆ ಬೇರೆ ಕೆರೆಗಳಿಗೆ ಮಾದರಿಯಾಗಲಿದೆಯಂತೆ.

ಪುಟ್ಟಮಾದಯ್ಯನ ಕೇರಿಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಾರೆ. ಹಾಗೆ ನಿಲ್ಲಬಾರದು ಎಂದು ನಾನೇ ಮೊದಲ ವಾರ ಅವರಿಗೆ ಹೇಳಿದ್ದೆ.

ಫೆಬ್ರವರಿ 21

ನಸುಕಿಗೆ ಏರಿಗೆ ಹೋದೆ. ಪುಟ್ಟಮಾದಯ್ಯ ತೂಬಿನ ಕಲ್ಲಿನ ಮೇಲೆ ಕೂತಿದ್ದ. ಅದೇ ಬೂದು ಕಂಬಳಿ. ನಾನು ಈ ತುದಿ, ಅವನು ಆ ತುದಿ. ಬೀಗದ ಹತ್ತಿರ ಕೈ ಹಾಕಲಿಲ್ಲ, ಸುಮ್ಮನೆ ನೀರಿನ ಅಂಚು ನೋಡುತ್ತಿದ್ದ.

ಆಫೀಸರಿಗೆ ತಿಳಿಸಬೇಕಿತ್ತು. ತಿಳಿಸುವುದಿಲ್ಲ. ಮುದುಕ ಕೂತರೆ ಕೂರಲಿ. ದುರ್ಬೀನು ಕುತ್ತಿಗೆಯಲ್ಲೇ ಇತ್ತು, ಅವನ ಕಡೆ ತಿರುಗಿಸಲಿಲ್ಲ. ಮನುಷ್ಯರನ್ನು ದುರ್ಬೀನಿನಲ್ಲಿ ನೋಡುವುದು ಸಭ್ಯತೆಯಲ್ಲ.

ಮಾರ್ಚ್ 3

ಹೊಂಬಾಳಮ್ಮನ ಹಿತ್ತಿಲಲ್ಲಿ ನಾಲ್ಕು ಮರಿ ಸತ್ತು ಬಿದ್ದಿದ್ದವು. ಹದ್ದು ಎಳೆದಿರಬೇಕು. ಗಾಯ ಕಾಣಲಿಲ್ಲ. ಹದ್ದೇ ಇರಬೇಕು.

ಮಾರ್ಚ್ 8

ಹನ್ನೊಂದು.

ಒಂದನ್ನು ಕೊಯ್ದು ನೋಡಿದೆ. ಹೊಟ್ಟೆಯೊಳಗೆ ಎರಡು ಹುಣಸೆ ಎಲೆ ಮತ್ತು ಒಂದು ಕಡ್ಡಿ. ಗದ್ದೆಗೆ ಹೊಡೆಯುವ ಔಷಧದ ವಿಷ ಮೀನಿನ ಮೂಲಕ ಹಕ್ಕಿಗೆ ಏರುತ್ತದೆ ಎಂದು ಓದಿದ್ದೇನೆ. ಅದೇ ಕಾರಣ ಎಂದು ಪ್ರೊಫೆಸರಿಗೆ ಬರೆದೆ. ಬರೆದು ಮುಗಿಸಿದ ಮೇಲೆ ನೆನಪಾಯಿತು, ಹೊಟ್ಟೆಯಲ್ಲಿ ಮೀನೇ ಇರಲಿಲ್ಲ.

ಪುಟ್ಟಮಾದಯ್ಯ ಇವತ್ತೂ ಇದ್ದ.

ಮಾರ್ಚ್ 11

ಏಳು. ಹೊಂಬಾಳಮ್ಮ ಅವುಗಳನ್ನು ಮೊರದಲ್ಲಿ ಒಯ್ದು ತೆಂಗಿನ ಬುಡದಲ್ಲಿ ಹೂಳುತ್ತಾರೆ. ಮೇಲೆ ಒಂದು ಹಿಡಿ ರಾಗಿ ಚೆಲ್ಲುತ್ತಾರೆ. ನನ್ನ ಜೊತೆ ಮಾತು ಕಡಿಮೆ.

ಮಾರ್ಚ್ 14

ಹದಿನೆಂಟು.

ಮಾರ್ಚ್ 18

ಮರಿಗಳು ಕೂಗುವುದು ಕಡಿಮೆಯಾಗಿದೆ. ಮರದ ಕೆಳಗೆ ನಿಂತರೆ ಏನೂ ಕೇಳುವುದಿಲ್ಲ. ಕೋಣೆಯೊಳಗೆ ಬಂದರೆ ಕೇಳುತ್ತದೆ. ಬೆಳಿಗ್ಗೆ ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಒಳಗಿನಿಂದ ಕೇಳಿತು. ಬಗ್ಗಿ ನೋಡಿದೆ, ರಾಗಿ. ಮಧ್ಯಾಹ್ನ ನೀರು ಸೇದುವಾಗ ಕೊಡದೊಳಗಿನಿಂದ. ನಿದ್ದೆ ಸಾಲದೆ ಕಿವಿ ಹೀಗಾಡುತ್ತದೆ. ಇದಕ್ಕೆ ದೇಹಶಾಸ್ತ್ರದಲ್ಲಿ ಕಾರಣವಿದೆ.

ಮಾರ್ಚ್ 22

ಇವತ್ತು ಬೆಳಗಿನಿಂದ ಸಂಜೆಯತನಕ ಒಂದೇ ಕೊಕ್ಕರೆಯನ್ನು ಹಿಂಬಾಲಿಸಿ ನೋಡಿದೆ. ಎರಡು ತಿಂಗಳ ಹಿಂದೆಯೇ ಮಾಡಬೇಕಿತ್ತು.

ಅದು ಕೆರೆಯ ಅಂಚಿಗೆ ಇಳಿಯಿತು. ಒಂದು ಹೆಜ್ಜೆ ಇಟ್ಟಿತು, ನೀರು ತೊಡೆಗೆ ಬಂತು. ಇನ್ನೊಂದು ಹೆಜ್ಜೆಗೆ ಹೊಟ್ಟೆ ಮುಟ್ಟಿತು. ಹಿಂದಕ್ಕೆ ಬಂತು. ನೂರು ಗಜ ನಡೆದು ಮತ್ತೆ ಇಳಿಯಿತು, ಮತ್ತೆ ಹಿಂದಕ್ಕೆ. ಕೆರೆ ಪೂರ್ತಿ ಸುತ್ತಿತು. ಕೊಕ್ಕರೆ ಈಜುವ ಹಕ್ಕಿಯಲ್ಲ. ಬಾಯಿ ಅಗಲಿಸಿ ಕೊಕ್ಕನ್ನು ತೆಳು ನೀರಿನಲ್ಲಿ ಆಡಿಸಿ, ತಗುಲಿದ ಮೀನು ಹಿಡಿಯುತ್ತದೆ. ಇದನ್ನು ನಾನೇ ಪರೀಕ್ಷೆಯಲ್ಲಿ ಬರೆದಿದ್ದೇನೆ. ಈಜುವ ಹೆಜ್ಜಾರ್ಲೆಯ ಮರಿಗಳು ಕೊಬ್ಬಿ ಕೂತಿವೆ. ಅದನ್ನೂ ಬರೆದಿಟ್ಟಿದ್ದೇನೆ, ಎಣಿಸಿ, ಪ್ರತಿ ವಾರ. ಕಣ್ಣಿಗೆ ಕಂಡಿದ್ದು ತಲೆಗೆ ಹೋಗಿಲ್ಲ.

ಇಡೀ ಸೀಮೆಯಲ್ಲಿ ಉಳಿದಿದ್ದ ಒಂದೇ ಕೆರೆ. ತುಂಬಿದ ಕೆರೆಯ ದಡದಲ್ಲಿ ಹಕ್ಕಿ ಹಸಿದು ನಡೆದಾಡುತ್ತಿತ್ತು.

ಸಂಜೆ ಒಲೆಯ ಮುಂದೆ ಹೊಂಬಾಳಮ್ಮನನ್ನು ಕೇಳಿದೆ. "ಅವನು ನೀರು ಬಿಡ್ತಿದ್ದಿದ್ದು ಇದಕ್ಕೇನಾ?"

"ನಿಂಗೆ ಈಗ ಗೊತ್ತಾಯ್ತಾ?"

"ನಿಮಗೆ ಗೊತ್ತಿತ್ತಾ?"

"ಊರಿಗೇ ಗೊತ್ತು."

"ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

ಮುದ್ದೆ ಕೋಲು ತಿರುಗಿಸುತ್ತಲೇ ಹೇಳಿದರು. "ಬಾಣಂತಿ ಊಟದ ಮಾತು, ಜೀಪಿನಾಗೆ ಬಂದೋನ ಮುಂದೆ ಎಂಗೇಳೋದು? ಪುಟ್ಟಮಾದನೂ ಏಳ್ನಿಲ್ಲ, ಏಳಾಕಿಲ್ಲ ಅವ್ನು. ನೀನು ಕೇಳಿದ್ದು ಕಳ್ಳನ್ನ ಕೇಳ್ದಂಗೆ." ಕೋಲು ನಿಂತಿತು. "ಅದೊಂದೇ ಅಲ್ಲ ಕಣವ್ವ. ಸುಳ್ಳ್ಯಾಕೆ. ಕೆರೆ ತುಂಬಿದ್ರೆ ಬ್ಯಾಸಗೇಲಿ ಕಬ್ಬಿಗೆ ಆಯ್ತದೆ ಅಂತ ಚಿಕ್ಕಣ್ಣ ಸುಮ್ನಿದ್ದ. ನಂದೂ ಅರ್ಧ ಎಕರೆ ಅದೆ. ನಾನೂ ಸುಮ್ನಿದ್ದೆ."

ನಾಳೆಯೇ ಬೀಗ ತೆಗೆಯುತ್ತೇನೆ ಎಂದೆ. ಎಷ್ಟು ಬಿಡಬೇಕು ಎಂದು ಕೇಳಿದರು. ಗೊತ್ತಿಲ್ಲ. ಒಮ್ಮೆಗೇ ಬಿಟ್ಟರೆ ಹತ್ತು ದಿನದಲ್ಲಿ ಕೆಸರು, ಆಮೇಲೆ ಮೀನೂ ಇಲ್ಲ. ಬೆಳಿಗ್ಗೆ ಪುಟ್ಟಮಾದಯ್ಯನನ್ನೇ ಕೇಳುತ್ತೇನೆ, ದಿನಾ ಅಲ್ಲೇ ಕೂತಿರ್ತಾನಲ್ಲ ಎಂದೆ.

ಹೊಂಬಾಳಮ್ಮ ಮುದ್ದೆ ಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅವ್ನ ಮಗಳ ಮನೆ ಬ್ಲಫ್‌ನಾಗದೆ. ಪಟ್ಟಲಮ್ಮ ಅಂತ. ಅಲ್ಲೋಗಿ ಕೇಳು."

ಮಾರ್ಚ್ 24, ಮಳವಳ್ಳಿ

ವಿದ್ಯುತ್ ಕೇಂದ್ರದ ಊರು ಬ್ಲಫ್‌ಗೆ ಹೋಗಿ ಬಂದೆ. ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಪಟ್ಟಲಮ್ಮನ ಗಂಡ ವಿದ್ಯುತ್ ಕೇಂದ್ರದಲ್ಲಿ ಕೂಲಿ. ಕ್ವಾರ್ಟರ್ಸ್‌ಗಳ ಹಿಂದೆ, ಇಳಿಜಾರಿನಲ್ಲಿ ತಗಡಿನ ಮನೆ. ನೀರು ಕೊಳವೆಗಳಲ್ಲಿ ಬೀಳುವ ಸದ್ದು ಅಲ್ಲಿ ನಿಲ್ಲುವುದೇ ಇಲ್ಲ. ನಾನು ಯಾರು ಎಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು.

"ಅಕ್ಕಿ ಅಮ್ಮಾವ್ರಾ? ಬನ್ನಿ. ಕುಂತ್ಕೊಳಿ."

ಬೈಯಲಿಲ್ಲ. ನೀರು ಕೊಟ್ಟಳು. ಅಪ್ಪ ಎಲ್ಲಿ ಎಂದೆ.

"ಸಿವರಾತ್ರಿಗೆ ಎಂಟು ದಿನ ಇತ್ತು. ಇಲ್ಲೇ ಮಣ್ಣು ಮಾಡಿದ್ವಿ."

ಜೀಪು ಬಂದುಹೋದ ಮೂರನೇ ದಿನವೇ ಬ್ಲಫ್‌ಗೆ ಬಂದನಂತೆ. ಒದ್ದೆ ಕಂಬಳಿ ಹಿಡಿದುಕೊಂಡೇ ಇದ್ದನಂತೆ. ಜ್ವರ ಬಂತು. ಮಂಚದಿಂದ ಏಳಲಿಲ್ಲ. "ಕಾಯಿಲೆ ಏನು ಅಂತ ಡಾಕ್ಟ್ರಿಗೂ ಗೊತ್ತಾಗ್ನಿಲ್ಲ. ನೀರಿನ ಸದ್ದು ಕೇಳೋದು, ಯಾರ್ಲಾ ಬುಟ್ಟಿರೋದು, ಮುಚ್ರಲಾ ಸಾಕು ಅನ್ನೋದು. ಕೈ ಇಂಗೆ ಎತ್ತೋದು, ಇಂಗೆ ಇಳ್ಸೋದು."

ನಾನು ಬಂದ ಕಾರಣ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಯಿತು. ಅವಳು ತಲೆ ತಗ್ಗಿಸಿ ನೆಲವನ್ನು ಬೆರಳಿನಿಂದ ಗೀರುತ್ತ ಕೂತಳು. ಆಮೇಲೆ ಹೇಳಿದಳು.

"ಅಳತೆ ಗಿಳತೆ ಇಲ್ಲ ಅಮ್ಮಾವ್ರೆ. ಕೊಕ್ಕರೆ ನೀರ್ನಾಗೆ ನಿಂತಾಗ ಮೊಣಕಾಲು ಕಾಣಬೇಕು. ಮುಳುಗಿದ್ರೆ ಎತ್ತು. ಕಂಡ್ರೆ ಮುಚ್ಚು. ಅಷ್ಟೇ. ಮರಿ ಆರೋಗಂಟ ದಿನಾ ನೋಡ್ಬೇಕು. ಅದುಕ್ಕೇ ಅವ್ನು ನಮ್ಮ ಮನೇಗೆ ಒಂದು ಅಬ್ಬಕ್ಕೂ ಬರ್ತಿರ್ನಿಲ್ಲ."

ಬಾಗಿಲತನಕ ಬಂದು ಬಿಟ್ಟಳು. "ಅವ್ನ ಎಸರು ಕಳ್ಳ ಅಂತ ಬರ್ದಿದೀರಂತೆ. ಅದು ಅಂಗೇ ಇರ್ತದಾ?"

ಅಳಿಸುತ್ತೇನೆ ಎಂದೆ.

ಶಿವರಾತ್ರಿಗೆ ಎಂಟು ದಿನ ಮುಂಚೆ. ಅಂದರೆ ಫೆಬ್ರವರಿ ಇಪ್ಪತ್ತು. ನಾನು ಮೊದಲು ನೋಡಿದ್ದು ಇಪ್ಪತ್ತೊಂದು. ಬೇರೆ ಯಾರೋ ಇರಬೇಕು. ಬೂದು ಕಂಬಳಿ ಊರಿನಲ್ಲಿ ಎಲ್ಲರ ಮನೆಯಲ್ಲೂ ಇದೆ.

ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ನಡುಮನೆಯ ಬೀರುವಿನೊಳಗೆ ಮರಿ ಕೂಗುತ್ತಿದೆ. ಅಮ್ಮನಿಗೆ ಕೇಳಿಸುತ್ತಿಲ್ಲ.

ಮಾರ್ಚ್ 26

ಬೀಗ ತೆಗೆದೆ. ಸರಳು ಅಲ್ಲಾಡಲಿಲ್ಲ. ಎರಡು ತಿಂಗಳ ನೀರಿನ ಭಾರ, ಕೆಳಗೆ ಮರದ ಬೆಣೆ ಊದಿ ಕಚ್ಚಿಕೊಂಡಿದೆ. ಅಂಗೈ ಕಿತ್ತು ರಕ್ತ ಬಂತು. ಚಿಕ್ಕಣ್ಣನವರ ಮನೆಗೆ ಹೋಗಿ ಆಳು ಕೇಳಿದೆ. "ಆಫೀಸರ್ ಆಕಿರೋ ಬೀಗ ಕಣಮ್ಮ. ಈ ಕಾಲದಾಗೆ ನಮ್ಮುನ್ನ ಎಳೀಬ್ಯಾಡಿ" ಎಂದರು. ಕೇರಿಗೆ ಹೋಗಿ ಕೇಳಲು ಮುಖವಿಲ್ಲ.

ಒಂಬತ್ತು ಮರಿ.

ಮಾರ್ಚ್ 27

ನಸುಕಿಗೆ ಹೋದೆವು. ಸರಳು ಎದ್ದಿತು. ಒಂದು ಗೇಣು ಎತ್ತಿದೆವು, ಬಿಸಿಲು ಏರುವ ಹೊತ್ತಿಗೆ ಇಳಿಸಿದೆವು. ನೀರು ಮೂರು ಬೆರಳು ಇಳಿದಿದೆ. ಕೈ ನೋವು ಅಷ್ಟಿಲ್ಲ.

ಏಪ್ರಿಲ್ 1

ನಿನ್ನೆ ಯುಗಾದಿ. ಹೊಂಬಾಳಮ್ಮ ಬೇವು ಬೆಲ್ಲ ಕೊಟ್ಟರು. ಇವತ್ತು ಉತ್ತರದ ದಡದಲ್ಲಿ ಒಂದು ಮಾರಗಲ ಕೆಸರು ಕಂಡಿತು. ಅಲ್ಲಿಗೆ ಆರು ಕೊಕ್ಕರೆ ಇಳಿದವು. ಮೊಣಕಾಲು ಕಾಣುತ್ತಿರಲಿಲ್ಲ. ಇನ್ನಷ್ಟು ಎತ್ತೋಣ ಎಂದೆ. ಬೇಡ, ಇಷ್ಟೇ ಸಾಕು, ನಾಳೆ ನೋಡೋಣ ಎಂದಂತಾಯಿತು. ಸರಿಯೇ. ಆತುರ ಪಟ್ಟರೆ ಕೆಡುತ್ತದೆ.

ಏಪ್ರಿಲ್ 5

ಮೊಣಕಾಲು ಕಂಡಿತು.

ಏಪ್ರಿಲ್ 9

ಹಿತ್ತಿಲ ಮರದಲ್ಲಿ ಸದ್ದು. ಮರದಲ್ಲೇ, ವಾಡೆಯಲ್ಲಲ್ಲ. ಹೆಣ್ಣುಹಕ್ಕಿ ಬಂದು ಗೂಡಿನ ಮೇಲೆ ಬಾಗಿ ಮೀನು ಕಕ್ಕಿತು. ಮರಿಗಳು ಒಂದರ ಮೇಲೊಂದು ಬಿದ್ದು ತಿಂದವು. ಹೊಂಬಾಳಮ್ಮ ನನ್ನ ಪಕ್ಕ ನಿಂತು ನೋಡಿದರು. ಇಬ್ಬರೂ ಏನೂ ಆಡಲಿಲ್ಲ. ಆಡಬಾರದು.

ಬಿದ್ದ ಮರಿ ಇವತ್ತು ಒಂದೂ ಇಲ್ಲ. ಎಷ್ಟು ಗೂಡು ಉಳಿದಿವೆ ಎಂದು ಪ್ರೊಫೆಸರ್ ಎರಡು ಕಾಗದ ಬರೆದಿದ್ದಾರೆ. ಮರಿಗಳು ಹಾರಿದ ಮೇಲೆ ಬರೆಯುತ್ತೇನೆ. ಅರ್ಧಕ್ಕರ್ಧ ಮರ ಖಾಲಿ ಇವೆ, ಅದು ಎಣಿಸದೆಯೂ ಕಾಣುತ್ತದೆ.

ಏಪ್ರಿಲ್ 15

ಅರ್ಜಿ ಹಿಂತೆಗೆದುಕೊಂಡು ಕಾಗದ ಬರೆದೆ. ಪುಟ್ಟಮಾದಯ್ಯನವರು ಕಳ್ಳರಲ್ಲ, ತಪ್ಪು ನನ್ನದು ಎಂದು ಬರೆದು ರುಜು ಹಾಕಿದೆ. ಇದಕ್ಕೆ ಮೊದಲೇ ಬರೆಯಬೇಕಿತ್ತು. ಬ್ಲಫ್‌ನಿಂದ ಬಂದ ದಿನವೇ ಬರೆಯುತ್ತೇನೆ ಎಂದುಕೊಂಡು ಮೂರು ವಾರ ಕಳೆದೆ. ಬರೆದರೆ ಪ್ರೊಫೆಸರ್ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಅದಕ್ಕಾಗಿಯೇ ತಡವಾಯಿತು, ಬೇರೆ ನೆಪ ಹೇಳುವುದಿಲ್ಲ.

ಚಿಕ್ಕಣ್ಣ ದಾರಿಯಲ್ಲಿ ಸಿಕ್ಕಿದರು. "ಕೆರೆ ಇಳೀತಾ ಅದಲ್ಲಮ್ಮ."

"ಇಳೀಬೇಕು, ಇಳೀತಿದೆ" ಎಂದೆ.

ಅವರು ನಿಂತುಬಿಟ್ಟರು. "ಅಂಗೆ ಮಾತಾಡ್ಬ್ಯಾಡಿ" ಎಂದು ಹೊರಟುಹೋದರು.

ಏಪ್ರಿಲ್ 27

ಜೀಪು ಬಂತು. ನನ್ನ ಕಾಗದ ನೋಡಿ ಬಂದಿರಬೇಕು ಎಂದುಕೊಂಡೆ. ಅಲ್ಲ. ಮಾದರಿ ಕೆರೆಯ ಫೋಟೋ ತೆಗೆಸಲು ಬಂದಿದ್ದರು. ಏರಿ ಹತ್ತಿ ನೋಡಿದರೆ ಕೆರೆ ಅರ್ಧಕ್ಕಿಳಿದಿದೆ, ಸುತ್ತ ಕೆಸರು, ಕೆಸರಿನ ತುಂಬ ಹಕ್ಕಿ.

"ಯಾರು ತೆಗೆದಿದ್ದು ಇದನ್ನ?"

ಊರೆಲ್ಲ ಮತ್ತೆ ಏರಿಯ ಮೇಲೆ. ನಾನು ಮಾತು ಶುರು ಮಾಡುವಷ್ಟರಲ್ಲಿ ಚಿಕ್ಕಣ್ಣ ಹೇಳಿಬಿಟ್ಟರು.

"ನೀರುಗಂಟಿ ಸಾರ್. ಪುಟ್ಟಮಾದಯ್ಯ."

ನನ್ನನ್ನು ಉಳಿಸಲೋ, ಊರನ್ನು ಉಳಿಸಲೋ, ಗೊತ್ತಿಲ್ಲ. ಸತ್ತವರನ್ನು ಯಾರು ಹಿಡಿಯುತ್ತಾರೆ ಎಂದುಕೊಂಡಿರಬೇಕು. ಆಫೀಸರ್ ಪುಸ್ತಕ ತೆಗೆದು ಹೆಸರು ಬರೆದುಕೊಂಡರು. ಎರಡನೆಯ ಸಲ ಆ ಹೆಸರು ಆ ಪುಸ್ತಕದಲ್ಲಿ.

"ಅವರಲ್ಲ. ನಾನು" ಎಂದೆ. "ಮೊದಲ ಅರ್ಜಿ ನನ್ನದು, ಅದು ಸುಳ್ಳು. ಅವರು ನೀರು ಕದೀಲಿಲ್ಲ. ಹಕ್ಕಿಗೆ ನೀರು ತೆಳುವಾಗಲಿ ಅಂತ ಬಿಡ್ತಿದ್ದರು. ಹಿಂತೆಗೆದುಕೊಂಡು ಬರೆದಿದ್ದೀನಿ. ಕೀಲಿಕೈ ನನ್ನ ಹತ್ರ ಇದೆ. ಒಂದು ತಿಂಗಳಿಂದ ದಿನಾ ಎತ್ತುತ್ತಿರೋದು ನಾನು."

ಆಫೀಸರ್ ನನ್ನ ಕೈ ನೋಡಿದರು. ಸರಳು ನೋಡಿದರು. ನಕ್ಕರು.

"ನೀವು? ಇಬ್ಬರು ಗಂಡಸರು ಎತ್ತೋ ಸರಳು ಅದು ಮೇಡಂ. ಆ ಮುದುಕನ ಮೇಲೆ ಕನಿಕರ ಬಂದಿದೆ ನಿಮಗೆ. ಎಲ್ಲಿ, ಎತ್ತಿ ತೋರಿಸಿ."

ಕಲ್ಲಿನ ಮೇಲೆ ಹತ್ತಿದೆ. ಎರಡು ಕೈಯಲ್ಲಿ ಹಿಡಿದೆ. ಬಿಸಿಲಿಗೆ ಕಬ್ಬಿಣ ಸುಡುತ್ತಿತ್ತು. ಎಳೆದೆ. ಕಾಲು ಕಂಬಕ್ಕೆ ಒತ್ತಿ ಎಳೆದೆ. ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಒಬ್ಬಳೇ ಹಿಡಿದಿದ್ದೆ ಎಂಬುದು ಆಗ ಗಮನಕ್ಕೆ ಬಂತು.

"ಆಯ್ತು, ಇಳೀರಿ." ಆಫೀಸರ್ ಪುಸ್ತಕಕ್ಕೆ ಮರಳಿದರು. "ತಲೆಮರೆಸಿಕೊಂಡಿದ್ದಾನೆ ಅಂತ ಬರ್ಕೋತೀನಿ. ಎಲ್ಲಿದ್ದಾನೆ ಈಗ ಅವನು?"

ಸತ್ತಿದ್ದಾರೆ ಎಂದು ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ದಿನಸಿ ಎಲ್ಲಿಟ್ಟಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು.

"ಅಲ್ಲೇ ಕುಂತವ್ನಲ್ಲ ಸಾರ್. ನಿಮ್ಮ ಎದುರ್ಗೇ."

ಎಲ್ಲರೂ ಕಲ್ಲಿನ ಕಡೆ ನೋಡಿದರು. ನನ್ನ ಬಲಕ್ಕೆ, ಒಂದು ಮೊಳದ ಆಚೆ. ಚಿಕ್ಕಣ್ಣ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದರು. ಕೇರಿಯ ಹೆಂಗಸರು ಮೊದಲಿಂದಲೂ ಆ ಕಡೆಯೇ ನೋಡುತ್ತಿದ್ದರು. ಯಾರೂ ನಗಲಿಲ್ಲ, ಯಾರಿಗೂ ಆಶ್ಚರ್ಯವೂ ಆಗಲಿಲ್ಲ. ಇಷ್ಟು ದಿನ ನನಗೊಬ್ಬಳಿಗೇ ಕಾಣುತ್ತಾರೆ ಎಂದುಕೊಂಡಿದ್ದೆ.

ಆಫೀಸರ್ ಕಲ್ಲನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ಪುಸ್ತಕದ ಆ ಹಾಳೆಯನ್ನು ಹರಿದು ಮಡಿಚಿ ಜೇಬಿಗೆ ಹಾಕಿಕೊಂಡು, ನಿಮ್ಮ ಕಾಗದ ನೋಡ್ತೀನಿ ಮೇಡಂ ಎಂದು ಜೀಪು ಹತ್ತಿದರು. ಫೋಟೋ ತೆಗೆಯಲಿಲ್ಲ. ಕೀಲಿಕೈ ಕೇಳಲಿಲ್ಲ.

ಪಟ್ಟಲಮ್ಮನಿಗೆ ಇವತ್ತೇ ಬರೆಯಬೇಕು. ಪ್ರೊಫೆಸರಿಗೂ, ನಡೆದದ್ದು ನಡೆದ ಹಾಗೆ.

ದೊಡ್ಡ ಮರಿಗಳು ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿವೆ. ಹಾರಲು ಇನ್ನೂ ಹದಿನೈದು ದಿನವಾದರೂ ಬೇಕು. ದಕ್ಷಿಣದ ದಡದಲ್ಲಿ ನೀರು ಇನ್ನೊಂದು ಬೆರಳು ಇಳಿಯಬೇಕು. ನಾಳೆ ಬೇಗ ಏಳಬೇಕು. ಇವತ್ತು ನಾನು ಹೋಗುವಷ್ಟರಲ್ಲಿ ಬೆಳಕು ಹರಿದಿತ್ತು. ತೂಬಿನ ಕಲ್ಲಿನ ಮೇಲೆ ಅವರನ್ನು ಹಾಗೆ ಕಾಯಿಸಬಾರದು.